ಓಲೆಗೆ ಯಾವ ವಜ್ರ? ನಾಲ್ಕು ಜೊತೆ ಕಲ್ಲು ಅಕ್ಕಪಕ್ಕ ಇಟ್ಟು ನೋಡಿದ್ದು

ವಜ್ರದ ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವುದು 'ಇಎಫ್-ವಿವಿಎಸ್', 'ಜಿಎಚ್-ವಿಎಸ್', 'ಐಜೆ-ಎಸ್‌ಐ' ಅನ್ನುವ ಮಾತು. ಮೊದಲ ಎರಡು ಅಕ್ಷರ ಬಣ್ಣದ್ದು. ಆಮೇಲಿನದು ಕ್ಲಾರಿಟಿಯದ್ದು, ಅಂದರೆ ಕಲ್ಲಿನ ಒಳಗೆ ಎಷ್ಟು ಚುಕ್ಕೆ, ಗೆರೆ, ಮೋಡ ಇದೆ ಅನ್ನುವುದು. ಈ ಮೂರರಲ್ಲಿ ವಿವಿಎಸ್ ಹೆಚ್ಚು ಶುಭ್ರ, ವಿಎಸ್ ಅದಕ್ಕಿಂತ ಕೆಳಗೆ, ಎಸ್ಐ ಇನ್ನೂ ಕೆಳಗೆ. ಬೆಲೆ ಹೇಳುವುದೂ ಇದರ ಮೇಲೆಯೇ. ಆದರೆ ಆ ಕಲ್ಲು ಕಿವಿಯಲ್ಲಿ ಮಿನುಗುತ್ತದೋ ಮಂಕಾಗಿ ಕೂರುತ್ತದೋ ಅನ್ನುವುದನ್ನು ಈ ಅಕ್ಷರಗಳು ಹೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ಕಟ್, ಅಂದರೆ ಕಲ್ಲನ್ನು ಎಷ್ಟು ಸರಿಯಾದ ಕೋನ, ಅಳತೆಗೆ ಕೊಯ್ದಿದ್ದಾರೆ ಅನ್ನುವುದು. ಕಟ್ ಬಗ್ಗೆ ನಾವಾಗಿ ಕೇಳದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ಮಗಳ ಮದುವೆಗೆ ಒಂಟಿ ಕಲ್ಲಿನ ಓಲೆ ಮಾಡಿಸಬೇಕಿತ್ತು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಮ್ಮ ಯಜಮಾನರಿಗೆ ವಿವಿಎಸ್‌ಗಿಂತ ಕೆಳಗೆ ಇಳಿಯಲು ಮನಸ್ಸಿಲ್ಲ. ಅತ್ತೆಗೆ ನೀಲಿ ಹೊಳಪಿನ ಬ್ಲೂ ಜಾಗರ್ ಬಿಟ್ಟು ಬೇರೆ ವಜ್ರವೇ ಕಣ್ಣಿಗೆ ಹಿಡಿಸುವುದಿಲ್ಲ. ಮಗಳು ಲ್ಯಾಬ್ ಗ್ರೋನ್ ತಗೊಳ್ಳೋಣ, ದೊಡ್ಡದು ಬರುತ್ತೆ ಅಂತ ಹಟ ಹಿಡಿದಿದ್ದಳು. ವಾದ ಮಾಡುವುದಕ್ಕಿಂತ ಕಲ್ಲುಗಳನ್ನೇ ಪಕ್ಕಪಕ್ಕ ಇಟ್ಟು ನೋಡೋಣ ಅಂತ ನಾನು ಹೇಳಿದೆ. ಅವೆನ್ಯೂ ರಸ್ತೆಯಲ್ಲಿ ನಮಗೆ ಹಳೇ ಪರಿಚಯದ ಅಂಗಡಿ ಇದೆ. ವಜ್ರ ನಮಗೆ ಆಗಿಬರುತ್ತದೋ ಇಲ್ಲವೋ ಅಂತ ಮನೆಗೆ ಒಯ್ದು ಇಟ್ಟುಕೊಂಡು ನೋಡುವುದು ನಮ್ಮ ಕಡೆ ಹಿಂದಿನಿಂದಲೂ ಇರುವ ರೂಢಿ ಅಲ್ವಾ. ಆ ರೂಢಿ ನನಗೆ ಬಹಳ ಉಪಯೋಗಕ್ಕೆ ಬಂತು. ಅಂಗಡಿಯವರು ಮೂರು ಜೊತೆ ಕಲ್ಲನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಟ್ಟರು. ಲ್ಯಾಬ್ ಕಲ್ಲಿನ ಜೊತೆಯನ್ನು ಜಯನಗರದ ಇನ್ನೊಂದು ಅಂಗಡಿಯಿಂದ, ಹಣ ಕಟ್ಟಿ, ಬೇಡವಾದರೆ ವಾಪಸ್ ಕೊಡುವ ಷರತ್ತಿನ ಮೇಲೆ ತಂದೆವು.

ಒಂದನೇ ಜೊತೆ ತಲಾ 30 ಸೆಂಟ್. ಇ ಕಲರ್, ವಿವಿಎಸ್1, ಕಟ್ ಮಾತ್ರ 'ಗುಡ್'. ಎರಡನೆಯದು ತಲಾ 28 ಸೆಂಟ್, ಎಚ್ ಕಲರ್, ವಿಎಸ್2, ಕಟ್ 'ಎಕ್ಸಲೆಂಟ್'. ಮೂರನೆಯದು ಅತ್ತೆಯ ಆಯ್ಕೆ. 30 ಸೆಂಟ್, ಜೆ ಕಲರ್, ವಿಎಸ್1, ಗಾಢ ನೀಲಿ ಫ್ಲೋರಸೆನ್ಸ್ (ಅತಿನೇರಳೆ ಕಿರಣ ಬಿದ್ದರೆ ನೀಲಿಯಾಗಿ ಬೆಳಗುವ ಗುಣ). ನಾಲ್ಕನೆಯದು ಮಗಳದ್ದು. ಲ್ಯಾಬ್‌ನಲ್ಲಿ ಬೆಳೆಸಿದ ಒಂದೊಂದು ಕ್ಯಾರೆಟ್ಟಿನ ಕಲ್ಲು, ಇ ಕಲರ್, ವಿವಿಎಸ್2, ಕಟ್ ಎಕ್ಸಲೆಂಟ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಅದರ ನೂರನೇ ಒಂದು ಭಾಗ ಒಂದು ಸೆಂಟ್. ಚಿನ್ನದ ಕ್ಯಾರೆಟ್ಟಿಗೂ ಇದಕ್ಕೂ ಸಂಬಂಧ ಇಲ್ಲ.

ಕಾಗದದ ಮೇಲೆ ನೋಡಿದರೆ ಕಟ್ ಒಂದನ್ನು ಬಿಟ್ಟು ಒಂದನೇ ಜೊತೆ ಎರಡನೆಯದಕ್ಕಿಂತ ಎಲ್ಲದರಲ್ಲೂ ಮೇಲು. ತೂಕ ಜಾಸ್ತಿ, ಬಣ್ಣ ಮೇಲು, ಕ್ಲಾರಿಟಿ ಮೇಲು. ಬೆಲೆಯೂ ಹಾಗೇ ಜಾಸ್ತಿ. ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ಎರಡೂ ಒಂದೇ ಥರ ಮಿಂಚಿದವು. ಆ ದೀಪಗಳನ್ನು ಹಾಕಿರುವುದೇ ಅದಕ್ಕೆ. ಅದರ ಕೆಳಗೆ ಗಾಜಿನ ಚೂರೂ ಮಿಂಚುತ್ತದೆ. ಅಂಗಡಿಯ ಬಾಗಿಲ ಬಳಿ ತಂದು, ನೇರ ಬಿಸಿಲಿಲ್ಲದ ನೆರಳಿನಲ್ಲಿ ಹಿಡಿದಾಗ ವ್ಯತ್ಯಾಸ ತಿಳಿಯಿತು. 28 ಸೆಂಟಿನ ಕಲ್ಲು ಅಂಚಿನಿಂದ ಅಂಚಿನವರೆಗೆ ಬೆಳಕು ಚೆಲ್ಲುತ್ತಿತ್ತು. ಸ್ವಲ್ಪ ಅಲುಗಾಡಿಸಿದರೂ ಕಪ್ಪು-ಬಿಳಿ ತುಣುಕುಗಳು ಜಾಗ ಬದಲಿಸುತ್ತಾ ಕುಣಿಯುತ್ತಿದ್ದವು. ಇ-ವಿವಿಎಸ್ ಕಲ್ಲಿನ ನಡುವೆ ಮಾತ್ರ ಒಂದು ಕಪ್ಪು ಛಾಯೆ ಕೂತಿತ್ತು. ಎಷ್ಟು ತಿರುಗಿಸಿದರೂ ಅದು ಸರಿಯಲಿಲ್ಲ.

ಇದಕ್ಕೆ ಕಾರಣ ತಿಳಿದುಕೊಂಡರೆ ಮುಂದೆ ಯಾವ ಕಲ್ಲು ನೋಡಿದರೂ ಕಣ್ಣು ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ. ವಜ್ರದ ಒಳಗೆ ಹೋದ ಬೆಳಕು ಸುಲಭವಾಗಿ ಹೊರಗೆ ಬರುವುದಿಲ್ಲ. ಒಳಗಿನಿಂದ ಬಂದು ಒಂದು ಮುಖಕ್ಕೆ ಬಡಿಯುವಾಗ, ಆ ಮುಖಕ್ಕೆ ಲಂಬವಾದ ಗೆರೆಯಿಂದ ಸುಮಾರು 24 ಡಿಗ್ರಿಗಿಂತ ಜಾಸ್ತಿ ಓರೆಯಾಗಿದ್ದರೆ ಪೂರ್ತಿ ಒಳಕ್ಕೇ ತಿರುಗುತ್ತದೆ. ಕೆಳಗಿನ ಶಂಕುವಿನ ಕೋನ ಸರಿಯಾಗಿದ್ದರೆ, ಮೇಲಿನಿಂದ ಹೋದ ಬೆಳಕು ಒಂದು ಪಕ್ಕಕ್ಕೆ ಬಡಿದು, ಎದುರು ಪಕ್ಕಕ್ಕೆ ಬಡಿದು, ಮತ್ತೆ ಮೇಲಿನಿಂದಲೇ ನಮ್ಮ ಕಣ್ಣಿಗೆ ಬರುತ್ತದೆ. ಶಂಕು ತೀರಾ ಆಳವಾದರೆ, ಇಲ್ಲಾ ತೀರಾ ಚಪ್ಪಟೆಯಾದರೆ ಬೆಳಕು ತೂತು ಬಿಂದಿಗೆಯ ನೀರಿನ ಹಾಗೆ ಕೆಳಗಿನಿಂದ ಸೋರಿಹೋಗುತ್ತದೆ. ಆಳವಾದ ಕಲ್ಲಿನ ನಡುಭಾಗ ಮೊಳೆಯ ತಲೆಯಂತೆ ಕಪ್ಪಾಗಿ ಕಾಣುತ್ತದೆ. ಚಪ್ಪಟೆಯಾದುದರಲ್ಲಿ ಮೇಲಿನ ಮುಖದೊಳಗೆ ಮೀನಿನ ಕಣ್ಣಿನಂಥ ಬೂದು ಉಂಗುರ ಕಾಣುತ್ತದೆ. ಮಾರ್ಸೆಲ್ ಟೋಲ್ಕೋವ್‌ಸ್ಕಿ ಎಂಬ ಎಂಜಿನಿಯರ್ 1919ರಲ್ಲಿ ಇದನ್ನೆಲ್ಲ ಲೆಕ್ಕ ಹಾಕಿ ಬರೆದರು. ಅವರ ಲೆಕ್ಕದಲ್ಲಿ ಕೆಳಗಿನ ಕೋನ 40.75 ಡಿಗ್ರಿ, ಮೇಲಿನದು 34.5 ಡಿಗ್ರಿ, ಮೇಲಿನ ಚಪ್ಪಟೆ ಮುಖ ಒಟ್ಟು ಅಗಲದ ಶೇ 53. ಇವತ್ತು ಸೂರತ್ತಿನಲ್ಲಿ ಕಂಪ್ಯೂಟರ್ ನೋಡಿ ಕಲ್ಲು ಕೊಯ್ಯುವವರೂ ಈ ಅಂಕಿಗಳ ಆಸುಪಾಸಿನಲ್ಲೇ ಇರುತ್ತಾರೆ.

ಹಾಗಾದರೆ ಒಳ್ಳೇ ಬಣ್ಣದ, ಒಳ್ಳೇ ಕ್ಲಾರಿಟಿಯ ಕಲ್ಲಿಗೆ ಕೆಟ್ಟ ಕಟ್ ಯಾಕೆ ಕೊಡುತ್ತಾರೆ? ತೂಕಕ್ಕಾಗಿ. ವಜ್ರದ ಬೆಲೆ ತೂಕದ ಮೆಟ್ಟಿಲುಗಳಲ್ಲಿ ಏರುತ್ತದೆ. 29 ಸೆಂಟಿನಿಂದ 30ಕ್ಕೆ, 49ರಿಂದ 50ಕ್ಕೆ, 99ರಿಂದ ಒಂದು ಕ್ಯಾರೆಟ್ಟಿಗೆ ಹೋದಾಗ ಪ್ರತಿ ಕ್ಯಾರೆಟ್ಟಿನ ದರವೇ ಜಿಗಿಯುತ್ತದೆ. ಸರಿಯಾಗಿ ಕೊಯ್ದರೆ 27 ಆಗುವ ಕಲ್ಲನ್ನು ಹೊಟ್ಟೆ ಉಳಿಸಿ ಕೊಯ್ದರೆ 30 ಆಗುತ್ತದೆ. ಆ ಹೆಚ್ಚುವರಿ ತೂಕ ಇರುವುದು ತಳದಲ್ಲಿ, ಆಭರಣದಲ್ಲಿ ಕೂತ ಮೇಲೆ ಯಾರಿಗೂ ಕಾಣದ ಕಡೆ. ನಾನು ಎರಡೂ ಜೊತೆಯ ಅಗಲ ಅಳೆಯಲು ಕೇಳಿದೆ. 30 ಸೆಂಟಿನದು 4.15 ಮಿಲಿಮೀಟರ್, 28 ಸೆಂಟಿನದು 4.25. ತೂಕ ಕಡಿಮೆ ಇರುವ ಕಲ್ಲೇ ದೊಡ್ಡದಾಗಿ ಕಾಣುತ್ತಿತ್ತು! ನಮ್ಮ ಯಜಮಾನರು ಅಲ್ಲಿಯವರೆಗೆ ವಿವಿಎಸ್ ಪಕ್ಷದಲ್ಲಿ ಗಟ್ಟಿಯಾಗಿ ನಿಂತಿದ್ದವರು, ಆ ಅಳತೆ ನೋಡಿದ ಮೇಲೆ ಅವರೇ ಕಟ್ ಬಗ್ಗೆ ಪ್ರಶ್ನೆ ಕೇಳಲು ಶುರು ಮಾಡಿದರು.

ಆದ್ದರಿಂದ ತೂಕದ ಜೊತೆಗೆ ಮಿಲಿಮೀಟರ್ ಕೇಳಿ. ಚೆನ್ನಾಗಿ ಕೊಯ್ದ ದುಂಡು ಕಲ್ಲು ಒಂದು ಕ್ಯಾರೆಟ್ಟಿಗೆ ಸುಮಾರು 6.5 ಮಿಲಿಮೀಟರ್ ಬರಬೇಕು. ಅರ್ಧ ಕ್ಯಾರೆಟ್ಟಿಗೆ 5.1, 25 ಸೆಂಟಿಗೆ 4.1. ಇದಕ್ಕಿಂತ ಬಹಳ ಕಡಿಮೆ ಇದ್ದರೆ ತೂಕ ಹೊಟ್ಟೆಯಲ್ಲಿ ಅಡಗಿದೆ ಅಂತ ಅರ್ಥ. ಅಮೆರಿಕದ ರತ್ನ ಪರೀಕ್ಷೆಯ ಸಂಸ್ಥೆ ಜಿಐಎ ಕೊಡುವ ಸರ್ಟಿಫಿಕೇಟಿನಲ್ಲಿ ಅಳತೆ, ಕೋನ, ಕಟ್ ದರ್ಜೆ ಎಲ್ಲ ಇರುತ್ತವೆ. ಆದರೆ ಅವರು ಈ ದರ್ಜೆ ಕೊಡುವುದು ದುಂಡು ಬ್ರಿಲಿಯಂಟ್ ಕಲ್ಲಿಗೆ. ಅಂಡಾಕಾರ, ಹನಿಯಾಕಾರದ ಕಲ್ಲಿಗೆ ಪಾಲಿಶ್ ಮತ್ತು ಸಿಮ್ಮೆಟ್ರಿ ಅಷ್ಟೇ ಬರೆಯುತ್ತಾರೆ. ಅಲ್ಲಿ ಕಣ್ಣನ್ನೇ ನಂಬಬೇಕು. ಇನ್ನು ಸಣ್ಣ ಕಲ್ಲುಗಳ ಆಭರಣಕ್ಕೆ ಇಡೀ ಒಡವೆಗೆ ಸೇರಿಸಿ ಒಂದು ಕಾರ್ಡ್ ಕೊಡುತ್ತಾರಲ್ಲ, ಅದರಲ್ಲಿ ಸಾಮಾನ್ಯವಾಗಿ ಕಲ್ಲು ಕಲ್ಲಿನ ಕಟ್ ಬಗ್ಗೆ ವಿವರ ಇರುವುದಿಲ್ಲ. ಒಂಟಿ ಕಲ್ಲಿನ ಓಲೆಗೆ, ಪ್ರತಿ ಕಲ್ಲಿಗೂ ಬೇರೆ ಬೇರೆ ಸರ್ಟಿಫಿಕೇಟ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ಕ್ಲಾರಿಟಿ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ನೇರವಾದದ್ದು. ನಾಲ್ಕು ಮಿಲಿಮೀಟರಿನ ಕಲ್ಲಿನಲ್ಲಿ ವಿವಿಎಸ್1ಕ್ಕೂ ವಿಎಸ್2ಕ್ಕೂ ಬರಿಗಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲ. ಈ ದರ್ಜೆಗಳು ಹುಟ್ಟಿದ್ದೇ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸಿನ ಕೆಳಗೆ. ಎಫ್ಎಲ್‌ನಿಂದ ಐ3 ತನಕ ಹನ್ನೊಂದು ಮೆಟ್ಟಿಲು, ಮೊದಲನೆಯದು ಒಂದೂ ದೋಷವಿಲ್ಲದ್ದು, ಕೊನೆಯದು ಬರಿಗಣ್ಣಿಗೇ ದೋಷ ಕಾಣುವಂಥದ್ದು. ನಾನು ಲೆನ್ಸ್ ಹಿಡಿದು ವಿಎಸ್2 ಕಲ್ಲನ್ನು ನೋಡಿದಾಗಲೂ ಅಂಗಡಿಯವರು ಬೆರಳು ಮಾಡಿ ತೋರಿಸಿದ ಮೇಲೆಯೇ ಅಂಚಿನ ಬಳಿ ಒಂದು ಸಣ್ಣ ಬಿಳಿ ಗರಿಯಂಥ ಗುರುತು ಕಂಡಿತು. ಕಿವಿಯಲ್ಲಿ ಹಾಕಿದ ಓಲೆಯನ್ನು ಯಾರೂ ಲೆನ್ಸ್ ಹಿಡಿದು ನೋಡುವುದಿಲ್ಲ.

ಆದರೆ ಗುರುತು ಎಲ್ಲಿದೆ, ಯಾವ ಬಣ್ಣದ್ದು ಅನ್ನುವುದನ್ನು ಮಾತ್ರ ಖಂಡಿತ ನೋಡಿ. ಮೇಲಿನ ಮುಖದ ನಡುವೆ ಕಪ್ಪು ಚುಕ್ಕೆ ಇದ್ದರೆ ಎಸ್‌ಐ ಕಲ್ಲಿನಲ್ಲಿ ಅದು ಕಣ್ಣಿಗೆ ಬೀಳಬಹುದು. ಸೀಳಿನಂಥ ಗುರುತು ಅಂಚನ್ನು ಮುಟ್ಟಿದ್ದರೆ, ಕಟ್ಟುವಾಗ ಆ ಜಾಗದ ಮೇಲೆ ಒತ್ತಡ ಬಿದ್ದು ಚಕ್ಕೆ ಏಳುವ ಅಪಾಯ ಇದೆ. ವಜ್ರ ಗಟ್ಟಿ ಅಂದರೆ ಗೀರು ಬೀಳುವುದಿಲ್ಲ ಅಂತ ಅಷ್ಟೇ. ಪೆಟ್ಟು ಬಿದ್ದರೆ ಒಡೆಯುತ್ತದೆ. ಅತ್ತೆಯ ಚಿಂತೆ ಬೇರೆ ಥರದ್ದು. ಕಪ್ಪು ಚುಕ್ಕೆ ಇರುವ ಕಲ್ಲು ಮನೆಗೆ ಬೇಡ ಅನ್ನುತ್ತಾರೆ. ನಮ್ಮ ಹಳೆಯ ರತ್ನಶಾಸ್ತ್ರಗಳಲ್ಲಿ ಬಿಂದು, ರೇಖೆ, ಕಾಕಪಾದ ಅಂತೆಲ್ಲ ವಜ್ರದ ದೋಷಗಳನ್ನು ಹೆಸರಿಟ್ಟು ವಿಂಗಡಿಸಿದ್ದಾರೆ. ಲೆನ್ಸ್ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮವರು ಕಲ್ಲಿನ ಒಳಗನ್ನು ಇಷ್ಟು ಸೂಕ್ಷ್ಮವಾಗಿ ನೋಡುತ್ತಿದ್ದರು ಅನ್ನುವುದು ನನಗೆ ಹೆಮ್ಮೆಯ ವಿಷಯ. ಹಿರಿಯರ ಮನಸ್ಸಿಗೂ ಸಮಾಧಾನ ಆಗಲಿ ಅಂತ, ಬಿಳಿ ಗುರುತಿರುವ ಕಲ್ಲನ್ನೇ ಆರಿಸಿದರಾಯಿತು. ಅದಕ್ಕಾಗಿ ವಿವಿಎಸ್‌ಗೆ ಏರಬೇಕಾಗಿಲ್ಲ.

ಬಣ್ಣ. ಜಿಐಎ ಪಟ್ಟಿ ಡಿಯಿಂದ ಝಡ್ ತನಕ ಹೋಗುತ್ತದೆ. ಡಿ ಅಂದರೆ ಬಣ್ಣವೇ ಇಲ್ಲದ್ದು, ಕೆಳಗೆ ಇಳಿದಂತೆ ಹಳದಿ ಛಾಯೆ ಏರುತ್ತದೆ. ಈ ದರ್ಜೆ ಕೊಡುವುದು ಕಲ್ಲನ್ನು ಬೋರಲು ಹಾಕಿ ಪಕ್ಕದಿಂದ ನೋಡಿ. ನಾನೂ ಬಿಳಿ ಕಾಗದ ಮಡಚಿ, ಅದರ ಮಡಿಕೆಯಲ್ಲಿ ಇ, ಎಚ್, ಜೆ ಮೂರನ್ನೂ ಬೋರಲು ಸಾಲಾಗಿ ಇಟ್ಟೆ. ಇ ಮತ್ತು ಎಚ್ ನಡುವಿನ ವ್ಯತ್ಯಾಸ ಸೂಕ್ಷ್ಮವಾಗಿ ಕಂಡಿತು, ಜೆ ಸ್ಪಷ್ಟವಾಗಿಯೇ ಬೆಚ್ಚಗಿತ್ತು. ಮುಖ ಮೇಲೆ ಮಾಡಿ ಇಟ್ಟಾಗ ಇ ಯಾವುದು ಎಚ್ ಯಾವುದು ಅಂತ ಮನೆಯಲ್ಲಿ ಯಾರಿಗೂ ಹೇಳಲು ಆಗಲಿಲ್ಲ. ಹಳದಿ ಚಿನ್ನದಲ್ಲಿ ಕಟ್ಟಿಸುವುದಾದರೆ ಎಚ್, ಐ ಧಾರಾಳವಾಗಿ ಸಾಕು. ಚಿನ್ನದ ಹಳದಿಯೇ ಕಲ್ಲಿನೊಳಗೆ ಪ್ರತಿಫಲಿಸುತ್ತದೆ. ಡಿ ಕಲ್ಲಿಗೆ ದುಡ್ಡು ಸುರಿದು ಅದನ್ನು ಹಳದಿ ಚಿನ್ನದಲ್ಲಿ ಕೂರಿಸುವುದು ಸುಮ್ನೆ ಖರ್ಚು. ಪ್ಲಾಟಿನಂ ಅಥವಾ ವೈಟ್ ಗೋಲ್ಡ್ ಆದರೆ ಜಿ ಅಥವಾ ಅದಕ್ಕಿಂತ ಮೇಲೆ ಹೋಗಿ.

ಈಗ ಅತ್ತೆಯ ಬ್ಲೂ ಜಾಗರ್. ದಕ್ಷಿಣ ಭಾರತದ ಮನೆಗಳಲ್ಲಿ ಈ ಹೆಸರಿಗೆ ಇರುವ ಗೌರವ ಬೇರೆಯದೇ. ಏಳು ಕಲ್ಲಿನ ಬೆಂಡೋಲೆ, ಬೇಸರಿ ಮಾಡಿಸುವಾಗ ಹಿರಿಯರು ಕೇಳುತ್ತಿದ್ದದ್ದು ಇದನ್ನೇ. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫೊಂಟೇನ್ ಗಣಿಯಿಂದ ನೀಲಿ ಹೊಳಪಿನ ಬಿಳಿ ಕಲ್ಲುಗಳು ಬರುತ್ತಿದ್ದವು, ಹೆಸರು ಅಲ್ಲಿಂದ ಬಂತು. ಆ ಗಣಿ 1971ರಲ್ಲೇ ಮುಚ್ಚಿತು. ಈಗ ಅಂಗಡಿಯಲ್ಲಿ ಈ ಹೆಸರಿನಲ್ಲಿ ಕೊಡುವುದು ಹೆಚ್ಚಾಗಿ ನೀಲಿ ಫ್ಲೋರಸೆನ್ಸ್ ಇರುವ ಯಾವುದೋ ಗಣಿಯ ಕಲ್ಲು. ಅತಿನೇರಳೆ ಕಿರಣ ಬಿದ್ದಾಗ ಇಂಥ ಕಲ್ಲು ನೀಲಿಯಾಗಿ ಬೆಳಗುತ್ತದೆ. ನೋಟು ಪರೀಕ್ಷಿಸುವ ನೀಲಿ ಲೈಟ್ ಅಂಗಡಿಯಲ್ಲೇ ಇರುತ್ತದಲ್ಲ, ಅದರ ಕೆಳಗೆ ಹಿಡಿದರೆ ಸಾಕು. ಮೂರನೇ ಜೊತೆ ಕತ್ತಲಲ್ಲಿ ಆಕಾಶ ನೀಲಿ ಬಣ್ಣಕ್ಕೆ ತಿರುಗಿತು. ಉಳಿದವು ಹಾಗೇ ಇದ್ದವು.

ಹಗಲು ಬೆಳಕಿನಲ್ಲಿ ಈ ಜೊತೆ ನಿಜಕ್ಕೂ ಸುಂದರ. ಬಿಸಿಲಿನಲ್ಲಿ ಅತಿನೇರಳೆ ಕಿರಣ ಇರುತ್ತದೆ. ಅದರಿಂದ ಏಳುವ ನೀಲಿ, ಕಲ್ಲಿನ ಹಳದಿಯನ್ನು ಮುಚ್ಚಿಬಿಡುತ್ತದೆ. ತಾರಸಿ ಮೇಲೆ ಬೆಳಗಿನ ಹೊತ್ತು ಹಿಡಿದಾಗ ಜೆ ಕಲ್ಲು ಎಚ್‌ಗೆ ಸಮನಾಗಿ, ಒಂದೆರಡು ಕೋನದಲ್ಲಿ ಅದಕ್ಕಿಂತ ಬೆಳ್ಳಗೇ ಕಂಡಿತು. ಒಳಗೆ ಬಂದು ಎಲ್ಇಡಿ ದೀಪದ ಕೆಳಗೆ ನೋಡಿದರೆ ಹಳದಿ ವಾಪಸ್ ಬಂತು. ಎಲ್ಇಡಿಯಲ್ಲಿ ಅತಿನೇರಳೆ ಇಲ್ಲ ಅನ್ನುವಷ್ಟು ಕಡಿಮೆ. ಹಗಲು ಹೊತ್ತಿನ ಮದುವೆ, ಪೂಜೆ, ತೋಟದ ಮನೆ ಓಡಾಟ ಇರುವವರಿಗೆ ಇದು ಒಳ್ಳೇ ಆಯ್ಕೆ, ಮತ್ತು ಅಗ್ಗವೂ ಹೌದು. ಜಿಐಎ ಸರ್ಟಿಫಿಕೇಟಿನಲ್ಲಿ 'ಸ್ಟ್ರಾಂಗ್ ಬ್ಲೂ' ಅಂತ ಇದ್ದರೆ ಅಂತರರಾಷ್ಟ್ರೀಯ ಪೇಟೆಯಲ್ಲಿ ಸಾಮಾನ್ಯವಾಗಿ ಬೆಲೆ ಕಡಿಮೆ. ಹಾಗಿರುವಾಗ ಅದನ್ನೇ ವಿಶೇಷ ಅಂತ ಹೇಳಿ ಹೆಚ್ಚಿನ ದರ ಕೇಳಿದರೆ ಒಪ್ಪಬೇಡಿ. ಕೆಲವು ಕಲ್ಲುಗಳಲ್ಲಿ ಗಾಢ ಫ್ಲೋರಸೆನ್ಸ್ ಜೊತೆಗೆ ಎಣ್ಣೆ ಸವರಿದಂಥ ಮಬ್ಬು ಇರುತ್ತದೆ. ನೇರ ಬಿಸಿಲಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ನಮಗೆ ಸಿಕ್ಕಿದ್ದರಲ್ಲಿ ಮಬ್ಬು ಇರಲಿಲ್ಲ. ಆದರೆ ಮಗಳು ಹಗಲಿಡೀ ಆಫೀಸಿನ ಎಲ್ಇಡಿ ಕೆಳಗೆ ಕೂರುವವಳು. ಅವಳಿಗೆ ಇದು ಹೊಂದುವುದಿಲ್ಲ ಅಂತ ನನಗೆ ಅನ್ನಿಸಿತು.

ಎಣ್ಣೆ ಅಂದಾಗ ಒಂದು ಮಾತು. ವಜ್ರಕ್ಕೂ ಜಿಡ್ಡಿಗೂ ಬಹಳ ನಂಟು. ನೀರು ಹಿಡಿಯದು, ಜಿಡ್ಡು ಮಾತ್ರ ಅಂಟಿಕೊಳ್ಳುತ್ತದೆ. ಗಣಿಗಳಲ್ಲಿ ಗ್ರೀಸ್ ಬಳಿದ ಹಲಗೆಯ ಮೇಲೆ ಒದ್ದೆ ಜಲ್ಲಿ ಹರಿಸಿ ವಜ್ರ ಬೇರ್ಪಡಿಸುತ್ತಿದ್ದದ್ದು ಇದೇ ಗುಣದಿಂದ. ತಲೆಗೆ ಕೊಬ್ಬರಿ ಎಣ್ಣೆ ಹಾಕುವ ನಮ್ಮ ಮನೆಗಳಲ್ಲಿ ಓಲೆಯ ಹಿಂಬದಿಗೆ ಜಿಡ್ಡು, ಅರಿಶಿನ ಸೇರಿ ಪದರ ಕಟ್ಟುತ್ತದೆ. ತಳದ ಮುಖಗಳಿಗೆ ಜಿಡ್ಡು ಹತ್ತಿದರೆ ಬೆಳಕು ವಾಪಸ್ ಬರುವುದಿಲ್ಲ, ಎಂಥ ಎಕ್ಸಲೆಂಟ್ ಕಟ್ ಆದರೂ ಸತ್ತ ಹಾಗೆ ಕಾಣುತ್ತದೆ. ಅತ್ತೆಯ ಹಳೇ ಬೆಂಡೋಲೆಯನ್ನು ಹೋಲಿಕೆಗೆ ಅಂತ ತೆಗೆದಿದ್ದೆವು. ಹಿಂಬದಿ ಮುಚ್ಚಿ ಕಟ್ಟಿದ್ದರಿಂದ ನೀರಲ್ಲಿ ನೆನೆಸಲು ಧೈರ್ಯ ಬರಲಿಲ್ಲ. ನಮ್ಮ ಆಚಾರ್ರಿಗೆ ಕೊಟ್ಟು ತೊಳೆಸಿದೆವು. ಹಿಂಬದಿ ತೆರೆದ ಓಲೆಯಾದರೆ ಬೆಚ್ಚಗಿನ ನೀರಿಗೆ ಎರಡು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತಗಿನ ಬ್ರಷ್ಷಿನಿಂದ ಹಿಂಬದಿ ಉಜ್ಜಿದರೆ ಸಾಕು. ಹೊಸದು ಕೊಳ್ಳುವ ಮೊದಲು ಮನೆಯಲ್ಲಿರುವ ಹಳೆಯದನ್ನು ಒಮ್ಮೆ ತೊಳೆದು ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ತೊಳೆದು ತಂದ ಬೆಂಡೋಲೆ ದೇವರ ಮನೆಯ ದೀಪದ ಬೆಳಕಿನಲ್ಲಿ ಹೊಸ ಕಲ್ಲುಗಳನ್ನೆಲ್ಲ ಮೀರಿಸಿತು. ಹಳೇ ಕಟ್ಟಿನ ಮುಖಗಳು ದೊಡ್ಡವು. ಸಣ್ಣ ಜ್ವಾಲೆಗೂ ಅಗಲವಾದ, ನಿಧಾನದ ಮಿಂಚು ಕೊಡುತ್ತವೆ. ಇಂಥದ್ದನ್ನು ಹೊಸ ಕಟ್‌ಗೆ ಕೊಯ್ಯಿಸೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ತೂಕವೂ ಹೋಗುತ್ತದೆ, ಆ ಗುಣವೂ ಹೋಗುತ್ತದೆ.

ಮಗಳ ಲ್ಯಾಬ್ ಗ್ರೋನ್ ಬಗ್ಗೆ ನಮ್ಮಲ್ಲಿ ಅತಿ ಹೆಚ್ಚು ಮಾತಾಯಿತು. ಮೊದಲಿಗೆ ಸ್ಪಷ್ಟವಾಗಲಿ: ಅದು ನಕಲಿ ಅಲ್ಲ. ಅದೂ ಇಂಗಾಲವೇ, ಅದೇ ಹರಳು ರಚನೆ, ಅದೇ ಗಟ್ಟಿತನ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರು 1954ರಲ್ಲಿ ಭಾರೀ ಒತ್ತಡ ಮತ್ತು ಶಾಖದಲ್ಲಿ ವಜ್ರ ಮಾಡಿ ತೋರಿಸಿದರು. ಅದು ಎಚ್‌ಪಿಎಚ್‌ಟಿ ವಿಧಾನ. ಇನ್ನೊಂದು ಸಿವಿಡಿ. ಮೀಥೇನ್ ಮತ್ತು ಜಲಜನಕ ತುಂಬಿದ ಕೋಣೆಯಲ್ಲಿ ತೆಳು ವಜ್ರದ ಬಿಲ್ಲೆಯ ಮೇಲೆ ಇಂಗಾಲ ಪದರ ಪದರವಾಗಿ ಕೂರುತ್ತದೆ, ಕೆಲವು ವಾರಗಳಲ್ಲಿ ಕಲ್ಲು ಬೆಳೆಯುತ್ತದೆ. ಭೂಮಿಯ ಒಳಗೆ 150 ಕಿಲೋಮೀಟರಿಗಿಂತ ಆಳದಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಆದದ್ದು ಸೂರತ್ತಿನ ಯಂತ್ರದಲ್ಲಿ ಆಗುತ್ತದೆ. 2023ರ ಜೂನ್‌ನಲ್ಲಿ ಪ್ರಧಾನಿ ಮೋದಿ ಅವರು ಜಿಲ್ ಬೈಡನ್‌ಗೆ ಕೊಟ್ಟ 7.5 ಕ್ಯಾರೆಟ್ಟಿನ ವಜ್ರ ಇಂಥದ್ದೇ.

ಕಣ್ಣಿಗೆ ವ್ಯತ್ಯಾಸ ಕಂಡಿತೇ ಅಂದರೆ, ಇಲ್ಲ. ಲೆನ್ಸಿನಲ್ಲೂ ಇಲ್ಲ. ಶಾಖ ನೋಡುವ ಪೆನ್ನಿನಂಥ ಟೆಸ್ಟರ್ ಇದನ್ನು ವಜ್ರ ಅಂತಲೇ ಹೇಳುತ್ತದೆ, ಯಾಕೆಂದರೆ ಅದು ವಜ್ರವೇ. ಲ್ಯಾಬ್ ಅಂತ ಪತ್ತೆ ಮಾಡಲು ಪ್ರಯೋಗಾಲಯದ ಯಂತ್ರಗಳು ಬೇಕು. 6.5 ಮಿಲಿಮೀಟರಿನ ಕಲ್ಲು, ಒಳ್ಳೇ ಕಟ್. 28 ಸೆಂಟಿನ ಪಕ್ಕದಲ್ಲಿಟ್ಟರೆ ಎದ್ದು ಕಾಣುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಅದೇ ಅಳತೆಯ, ಅದೇ ದರ್ಜೆಯ ನೈಸರ್ಗಿಕ ಕಲ್ಲಿಗೆ ಹೋಲಿಸಿದರೆ ನಮಗೆ ಹೇಳಿದ ಬೆಲೆ ಹತ್ತನೇ ಒಂದು ಭಾಗಕ್ಕೂ ಕಡಿಮೆ ಇತ್ತು.

ಹಾಗಂತ ಕಣ್ಣು ಮುಚ್ಚಿ ತೆಗೆದುಕೊಳ್ಳುವ ಹಾಗಿಲ್ಲ. ಲ್ಯಾಬ್ ಕಲ್ಲಿನಲ್ಲಿ ಒಳಗಿನ ಚುಕ್ಕೆಗಿಂತ ಛಾಯೆ ದೊಡ್ಡ ವಿಷಯ. ಕೆಲವು ಸಿವಿಡಿ ಕಲ್ಲುಗಳಲ್ಲಿ ಕಂದು ಛಾಯೆ ಇರುತ್ತದೆ, ಕೆಲವು ಎಚ್‌ಪಿಎಚ್‌ಟಿ ಕಲ್ಲುಗಳಲ್ಲಿ ಬೋರಾನ್‌ನಿಂದ ನಸುನೀಲಿ. ವ್ಯಾಪಾರದವರು 'ನೋ ಬಿಜಿಎಂ' ಅನ್ನುತ್ತಾರೆ. ಕಂದು, ಹಸಿರು, ಹಾಲಿನಂಥ ಮಬ್ಬು, ಈ ಮೂರೂ ಇಲ್ಲದ ಕಲ್ಲು ಅಂತ ಅರ್ಥ. ಸರ್ಟಿಫಿಕೇಟಿನ ಅಕ್ಷರಗಳಿಂದ ಇದು ತಿಳಿಯುವುದು ಕಷ್ಟ, ಬಾಯಿಬಿಟ್ಟು ಕೇಳಬೇಕು. ಜಯನಗರದಲ್ಲಿ ಮೊದಲು ತೋರಿಸಿದ ಜೊತೆಯನ್ನು ಬಿಳಿ ಕಾಗದದ ಮೇಲಿಟ್ಟಾಗ ಚಹಾ ನೀರಿನಂಥ ತೆಳು ಛಾಯೆ ಕಂಡು ಮಗಳೇ ಬೇಡ ಅಂದಳು. ಬದಲಿಗೆ ತಂದದ್ದು ಶುಭ್ರವಾಗಿತ್ತು. ನೈಸರ್ಗಿಕ ಕಲ್ಲಿಗೂ ಈ ಪ್ರಶ್ನೆ ಕೇಳಿ.

ಇನ್ನೊಂದು, ಮರುಮಾರಾಟ. ಲ್ಯಾಬ್ ಕಲ್ಲಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದಿದೆ. ಎಷ್ಟು ಬೇಕಾದರೂ ಬೆಳೆಸಬಹುದಾದ ವಸ್ತುವಿನ ಬೆಲೆ ಹಾಗೇ ಅಲ್ವಾ. 2025ರ ಅಕ್ಟೋಬರಿನಿಂದ ಜಿಐಎ ಸಂಸ್ಥೆಯವರು ಲ್ಯಾಬ್ ಕಲ್ಲಿಗೆ ಡಿ, ಇ, ವಿವಿಎಸ್ ಅಂತೆಲ್ಲ ಬರೆಯುವುದನ್ನೇ ಬಿಟ್ಟು 'ಪ್ರೀಮಿಯಂ', 'ಸ್ಟಾಂಡರ್ಡ್' ಎಂದಷ್ಟೇ ಹೇಳಲು ಶುರು ಮಾಡಿದರು. ಹೀಗೆ ಬೆಳೆಸಿದ ಕಲ್ಲುಗಳಲ್ಲಿ ಬಹುಪಾಲು ಮೇಲಿನ ದರ್ಜೆಯಲ್ಲೇ ಗುಂಪುಗೂಡಿರುವುದರಿಂದ ಆ ಉದ್ದ ಪಟ್ಟಿಗೆ ಅಲ್ಲಿ ಹೆಚ್ಚು ಅರ್ಥ ಉಳಿದಿಲ್ಲ. ಅದೇ ಹೊತ್ತಿಗೆ, ನೈಸರ್ಗಿಕ ವಜ್ರವನ್ನೂ ಚಿನ್ನದ ಹಾಗೆ ಉಳಿತಾಯ ಅಂದುಕೊಳ್ಳಬೇಡಿ ಅಂತ ಒತ್ತಿ ಹೇಳುತ್ತೇನೆ. ಚಿನ್ನಕ್ಕೆ ದಿನದ ದರ ಇದೆ, ಯಾವ ಊರಿಗೆ ಹೋದರೂ ಹೆಚ್ಚುಕಡಿಮೆ ಅದೇ. ವಜ್ರಕ್ಕೆ ಇಲ್ಲ. ಕೊಂಡ ಅಂಗಡಿಯವರು ಬರವಣಿಗೆಯಲ್ಲಿ ಕೊಟ್ಟ ಷರತ್ತೇ ನಮಗಿರುವ ಆಧಾರ. ವಾಪಸ್ ತೆಗೆದುಕೊಂಡರೆ ನಗದು ಎಷ್ಟು, ಬೇರೆ ಒಡವೆಗೆ ಬದಲಿಸಿಕೊಂಡರೆ ಎಷ್ಟು, ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಅತ್ತೆ ಬಳ್ಳಾರಿ ಕಡೆಯವರು. ಗಡಿಯಾಚೆ ಆಂಧ್ರದ ವಜ್ರಕರೂರು, ತುಗ್ಗಲಿ ಸುತ್ತಮುತ್ತ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಜನ ಹೊಲಗಳಲ್ಲಿ ವಜ್ರ ಹುಡುಕುತ್ತಾ ಅಲೆಯುವುದನ್ನು ಚಿಕ್ಕಂದಿನಿಂದ ಕೇಳಿದವರು. "ನೆಲ ಕೊಟ್ಟಿದ್ದು ಬೇರೆ, ಮಿಷನ್ ಕೊಟ್ಟಿದ್ದು ಬೇರೆ" ಅನ್ನುವುದು ಅವರ ವಾದ. "ಅಜ್ಜಿ, ಹಾಕ್ಕೊಂಡ್ರೆ ಎರಡೂ ಒಂದೇ" ಅನ್ನುವುದು ಮೊಮ್ಮಗಳ ವಾದ. ಇಬ್ಬರೂ ಸರಿ ಅಂತಲೇ ನನ್ನ ಅನಿಸಿಕೆ. ಮುಂದಿನ ತಲೆಮಾರಿಗೆ ಹೋಗಬೇಕಾದ ಒಡವೆಯಾದರೆ ಅಪರೂಪಕ್ಕೆ ಬೆಲೆ ಇದೆ, ನೈಸರ್ಗಿಕ ಕಲ್ಲು ಕೊಳ್ಳಿ. ಕಣ್ತುಂಬ ದೊಡ್ಡ ಕಲ್ಲು ಹಾಕಿಕೊಳ್ಳುವ ಆಸೆಯಾದರೆ ಲ್ಯಾಬ್ ಕಲ್ಲು ಕೊಳ್ಳಿ, ಆ ದುಡ್ಡು ವಾಪಸ್ ಬರುತ್ತದೆ ಅನ್ನುವ ಲೆಕ್ಕ ಮಾತ್ರ ಇಟ್ಟುಕೊಳ್ಳಬೇಡಿ.

ಮೊಯ್ಸನೈಟ್ ಮತ್ತು ಅಮೆರಿಕನ್ ಡೈಮಂಡ್ ಬಗ್ಗೆ ಚುಟುಕಾಗಿ. ಇವೆರಡೂ ವಜ್ರ ಅಲ್ಲ. ಮೊಯ್ಸನೈಟ್ ಸಿಲಿಕಾನ್ ಕಾರ್ಬೈಡ್. ಗಟ್ಟಿತನ 9.25, ಗೀರು ಬೇಗ ಬೀಳುವುದಿಲ್ಲ. ಆದರೆ ವಜ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕಾಮನಬಿಲ್ಲು ಚೆಲ್ಲುತ್ತದೆ, ದೊಡ್ಡ ಕಲ್ಲಾದರೆ ಅದು ಕಣ್ಣಿಗೆ ಹೊಡೆಯುತ್ತದೆ. ಲೆನ್ಸಿನಲ್ಲಿ ಓರೆಯಾಗಿ ನೋಡಿದರೆ ತಳದ ಗೆರೆಗಳು ಜೋಡಿ ಜೋಡಿಯಾಗಿ ಕಾಣುತ್ತವೆ. ಶಾಖದ ಟೆಸ್ಟರ್ ಇದನ್ನು ವಜ್ರ ಅಂತ ತಪ್ಪಾಗಿ ಹೇಳಬಹುದು, ವಿದ್ಯುತ್ ವಾಹಕತೆಯನ್ನೂ ನೋಡುವ ಟೆಸ್ಟರ್ ಬೇಕು. ಅಮೆರಿಕನ್ ಡೈಮಂಡ್ ಅಂದರೆ ಕ್ಯೂಬಿಕ್ ಝಿರ್ಕೋನಿಯಾ. ಅದೇ ಅಳತೆಯ ವಜ್ರಕ್ಕಿಂತ ತೂಕದಲ್ಲಿ ಒಂದೂವರೆ ಪಟ್ಟಿಗೂ ಭಾರ, ದಿನಾ ಹಾಕಿದರೆ ಕಾಲ ಕಳೆದಂತೆ ಅಂಚು ಸವೆಯುತ್ತದೆ. ಪ್ರಯಾಣಕ್ಕೆ, ನಾಟ್ಯಕ್ಕೆ ಚೆನ್ನ.

ಕೊನೆಗೆ ಓಲೆಗೆ ಎರಡನೇ ಜೊತೆ ಆಯಿತು. 28 ಸೆಂಟ್, ಎಚ್, ವಿಎಸ್2, ಎಕ್ಸಲೆಂಟ್. ಬೆಳಗಿನ ಬಿಸಿಲು, ಮನೆಯ ಎಲ್ಇಡಿ, ದೇವರ ದೀಪ, ಎಲ್ಲ ಬೆಳಕಿನಲ್ಲೂ ಹೊಸ ನೈಸರ್ಗಿಕ ಜೊತೆಗಳಲ್ಲಿ ಮಂಕಾಗದೆ ನಿಂತದ್ದು ಅದು ಮಾತ್ರ. ಒಂದನೇ ಜೊತೆಗಿಂತ ಉಳಿದ ಹಣದಲ್ಲಿ ಮಗಳಿಗೆ ಉಂಗುರ ಬಂತು. ಅವಳ ಆಸೆಯ ಹಾಗೆ ಒಂದು ಕ್ಯಾರೆಟ್ಟಿನ ಲ್ಯಾಬ್ ಕಲ್ಲಿನದು.

ಕಟ್ಟಿಸಲು ಕೊಡುವ ಮೊದಲು ಒಂದೆರಡು ಕೆಲಸ ಮಾಡಿ. ಸರ್ಟಿಫಿಕೇಟ್ ಇರುವ ಎಷ್ಟೋ ಕಲ್ಲುಗಳ ಅಂಚಿನಲ್ಲಿ ಲೇಸರಿನಿಂದ ನಂಬರ್ ಕೆತ್ತಿರುತ್ತಾರೆ. ಲೆನ್ಸಿನಲ್ಲಿ ನೋಡಿ ಸರ್ಟಿಫಿಕೇಟಿನ ನಂಬರಿಗೆ ತಾಳೆ ಹಾಕಿ. ಸಂಸ್ಥೆಯ ವೆಬ್‌ಸೈಟಿನಲ್ಲೂ ಆ ನಂಬರ್ ಹಾಕಿ ನೋಡಿ. ಕಟ್ಟಿ ಬಂದ ಮೇಲೆ ಮತ್ತೆ ಅದೇ ನಂಬರ್ ನೋಡಿ, ಕಲ್ಲನ್ನು ಹಿಡಿದಿಡುವ ಚಿನ್ನದ ಹಿಡಿಯ ಕೆಳಗೆ ಅದು ಮುಚ್ಚಿಹೋಗದ ಹಾಗೆ ಕಟ್ಟಲು ಆಚಾರ್ರಿಗೆ ಮೊದಲೇ ಹೇಳಿ. ಹಾಲ್‌ಮಾರ್ಕ್ ಮತ್ತು ಒಡವೆಯ ಗುರುತಿಗೆ ಹಾಕುವ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಓಲೆಯ ಚಿನ್ನಕ್ಕೆ ಸಂಬಂಧಿಸಿದ್ದು, ಅದು ವಜ್ರದ ಗ್ಯಾರಂಟಿ ಅಲ್ಲ. ವಜ್ರಕ್ಕೆ 18 ಕ್ಯಾರೆಟ್ಟಿನ ಚಿನ್ನ ಒಳ್ಳೆಯದು, 22 ಮೆತ್ತಗಾಗಿ ಹಿಡಿಗಳು ಬೇಗ ಸವೆಯುತ್ತವೆ. ಬಿಲ್ಲಿನಲ್ಲಿ ಚಿನ್ನದ ತೂಕವನ್ನು ಕಲ್ಲಿನ ತೂಕ ಕಳೆದು ಬರೆದಿದ್ದಾರೋ ನೋಡಿ. ಓಲೆಗೆ ಒತ್ತುವ ಹಿಂಬಿಲ್ಲೆಗಿಂತ ತಿರುಪು ಭದ್ರ. ಎಳೆ ಸವೆದು ತಿರುಪು ಸಡಿಲವಾದರೆ ಹೊಸದು ಹಾಕಿಸಿ, ಆಗ ಹಿಡಿಗಳನ್ನೂ ಒಮ್ಮೆ ಒತ್ತಿಸಿ.